ಪಿಕಪ್ಪಿನ ಹಿಂದಿನ ಪ್ಲೇಟು ಕೂಗಿದರೆ, ಎಣ್ಣೆ ಬಿಡೋಕೆ ಮುಂಚೆ

ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆಯೋದರ ಬಗ್ಗೆ ಬರೀತೀನಿ ಅಂತ ಹೋದ ಸಲ ಹೇಳಿದ್ದೆ. ಮಳೆ ಹಿಡಿಯೋದರೊಳಗೆ ಅದನ್ನ ಖಂಡಿತ ಬರೀತೀನಿ. ಇವತ್ತು ತೋಟದ ವಿಷಯ ಅಲ್ಲ, ಗಾಡಿ ವಿಷಯ. ಆದ್ರೆ ನಮ್ಮ ಬಿಕ್ಕೋಡು ಹೋಬಳಿಯಲ್ಲಿ ಪಿಕಪ್ ಇಲ್ಲದೆ ತೋಟ ಎಲ್ಲಿ ನಡೆಯುತ್ತೆ ಹೇಳಿ? ಗೊಬ್ಬರ ಬರೋದು ಅದರಲ್ಲೇ, ಶುಂಠಿ ಹೋಗೋದು ಅದರಲ್ಲೇ, ಕಾಫಿ ಕ್ಯೂರಿಂಗಿಗೆ ಹೋಗೋದೂ ಅದರಲ್ಲೇ. ಹಾಗಾಗಿ ಇದನ್ನೂ ಕೃಷಿ ವಿಷಯ ಅಂತಲೇ ಓದ್ಕೊಳ್ಳಿ. ಇದರಲ್ಲಿ ನಾನು ಮಾಡಿದ ತಪ್ಪು ಇದೆ. ಮುಚ್ಚಿಡದೆ ಬರೀತಿದೀನಿ, ಯಾಕಂದ್ರೆ ಅದೇ ತಪ್ಪು ಮಾಡ್ತಿರೋರು ನಮ್ಮ ಸುತ್ತ ಇನ್ನೂ ಬಹಳ ಜನ ಇದಾರೆ.

ಹೋದ ಮಳೆಗಾಲ ಮುಗಿದು, ಮಣ್ಣು ದಾರಿ ಒಣಗಿ ಧೂಳು ಏಳೋ ಹೊತ್ತಿಗೆ ನನ್ನ ಪಿಕಪ್ಪಿನ ಹಿಂದಿನ ಪ್ಲೇಟು ಕೂಗೋಕೆ ಶುರು ಮಾಡ್ತು. ಪ್ಲೇಟು ಅಂದ್ರೆ ಲೀಫ್ ಸ್ಪ್ರಿಂಗು. ಕೆಲವರು ಬ್ಲೇಡು ಅಂತಾರೆ, ಹಳಬರು ಕಮಾನು ಅಂತಾರೆ. ಹಂಪ್ ಹತ್ತಿಸಿದ್ರೆ ಕಿರ್ರ್, ಇಳಿಸಿದ್ರೆ ಕಿರ್ರ್. ಖಾಲಿ ಗಾಡಿ ನಿಧಾನಕ್ಕೆ ಹೋಗುವಾಗಂತೂ ಕಬ್ಬಿಣದ ಮಂಚದ ಮೇಲೆ ಮಕ್ಕಳು ಕುಣಿದ ಹಾಗೆ ಸದ್ದು. "ನೀವು ಗೇಟಿಗೆ ಬರೋಕೆ ಮುಂಚೆನೇ ಗೊತ್ತಾಗುತ್ತೆ, ಆಗ ಒಲೆ ಮೇಲೆ ಸಾರು ಬಿಸಿಗಿಡ್ತೀನಿ" ಅಂತ ಮನೆಯವಳು ನಗಾಡ್ತಿದ್ಲು. ನನಗೂ ಅದು ನಗೋ ವಿಷಯವೇ ಆಗಿತ್ತು.

ನಮ್ಮ ತಾತನ ಕಾಲದಲ್ಲಿ ಎತ್ತಿನ ಗಾಡಿ ಅಚ್ಚು ಕೂಗಿದ್ರೆ ಕೀಲೆಣ್ಣೆ ಹಾಕ್ತಿದ್ರು. ಗಾಡಿ ಕೆಳಗೆ ಒಂದು ಬಿದಿರಿನ ಗೊಟ್ಟ ನೇತಾಡ್ತಿರೋದು, ಅದರೊಳಗೆ ಕೀಲೆಣ್ಣೆ. ಆ ಬುದ್ಧಿ ನಮ್ಮ ರಕ್ತದಲ್ಲೇ ಇದೆ. ಕೂಗಿದ್ರೆ ಎಣ್ಣೆ ಹಾಕು, ಮುಗೀತು. ನಾನೂ ಅದನ್ನೇ ಮಾಡಿದೆ. ಟಿಲ್ಲರಿನ ಎಂಜಿನ್ ಆಯಿಲ್ ಬದಲಿಸಿದಾಗ ಇಳಿಸಿದ ವೇಸ್ಟ್ ಆಯಿಲ್ ಒಂದು ಕ್ಯಾನ್ ಇತ್ತು. ಹಳೇ ಬ್ರಷ್ ತಗೊಂಡು ಎರಡೂ ಕಡೆ ಪ್ಲೇಟಿಗೆ, ಬುಷ್ಷಿಗೆ, ಸಿಕ್ಕಿದ ಕಡೆಗೆಲ್ಲ ಬಳಿದೆ. ಸದ್ದು ಅಲ್ಲಿಗೇ ನಿಂತೋಯ್ತು. ದೊಡ್ಡ ಮೆಕ್ಯಾನಿಕ್ ಆದ ಖುಷಿ ನನಗೆ.

ಹತ್ತು ದಿನಕ್ಕೆ ಸದ್ದು ವಾಪಸ್ ಬಂತು. ಮತ್ತೆ ಬಳಿದೆ. ಈ ಸಲ ವಾರಕ್ಕೇ ಬಂತು. ನಡುವೆ ಅಪ್ಪ ಒಂದು ದಿನ ಬೈದ್ರು, ಸದ್ದಿಗಲ್ಲ, ಕಣದ ಅಂಚಲ್ಲಿ ಗಾಡಿ ನಿಲ್ಸಿದ್ದ ಜಾಗದಲ್ಲಿ ಬಿದ್ದಿದ್ದ ಕರಿ ಹನಿಗೆ. "ಕಾಫಿ ಒಣಗಿಸೋ ಜಾಗದಲ್ಲಿ ಇದೇನೋ?" ಅಂದ್ರು. ಅವರು ಹೇಳಿದ್ದು ಸರಿ. ಕಾಫಿ ಬೀಜ ಪಕ್ಕದಲ್ಲಿ ಯಾವ ವಾಸನೆ ಇದ್ರೂ ಎಳ್ಕೊಳ್ಳುತ್ತೆ. ಒಂದು ವರ್ಷದ ದುಡಿಮೆಯನ್ನ ಆಯಿಲ್ ವಾಸನೆಗೆ ಕೊಟ್ಟು, ಆಮೇಲೆ ಕೊಳ್ಳೋರು ಬೆಲೆ ಇಳಿಸಿದ್ರು ಅಂತ ಗೊಣಗಿದ್ರೆ ಏನು ಬಂತು? ಗಾಡಿಯನ್ನ ಶೆಡ್ಡಿನ ಹಿಂದಕ್ಕೆ ಹಾಕಿದೆ. ಬಳಿಯೋದು ಮಾತ್ರ ಬಿಡಲಿಲ್ಲ.

ಜನವರಿ ಕೊನೆಗೆ ಕಿರ್ರ್ ಜೊತೆ ಇನ್ನೊಂದು ಸದ್ದು ಸೇರ್ಕೊಂಡಿತ್ತು. ಗಾಡಿ ಹೊರಡುವಾಗ ಒಂದು ಟಕ್, ಬ್ರೇಕ್ ಹಿಡಿದಾಗ ಒಂದು ಟಕ್. ನನಗೆ ಅದು ಸರಿಯಾಗಿ ಕೇಳಿಸ್ತಿರಲಿಲ್ಲ. ಕ್ಯಾಬಿನ್ನಲ್ಲಿ ಹಾಡು, ಪಕ್ಕದಲ್ಲಿ ಮಾತು, ಫೋನು. ಕೇಳಿಸಿದಾಗಲೂ ಡಾಲಾದ ಬಾಗಿಲು ಇರಬೇಕು ಅಂದ್ಕೊಂಡೆ.

ಫೆಬ್ರವರಿಯಲ್ಲಿ ರೋಬಸ್ಟಾ ಕೊಯ್ಲು ಮುಗಿಯೋ ಹಂತ. ಸಂಜೆ ಹಣ್ಣು ತೂಕ ಹಾಕಿ, 11 ಜನ ಹೆಣ್ಣಾಳುಗಳನ್ನ ಹಿಂದೆ ಕೂರಿಸ್ಕೊಂಡು ಅವರ ಊರಿಗೆ ಬಿಡೋಕೆ ಹೊರಟಿದ್ದೆ. ಹೊತ್ತು ಮುಳುಗ್ತಿತ್ತು. ನಮ್ಮ ಕಡೆ ಆನೆ ವಿಷಯ ನಿಮಗೆ ಹೇಳಬೇಕಾಗಿಲ್ಲ. ಗುಂಪು ನಮ್ಮ ಪಕ್ಕದ ತೋಟದಲ್ಲೇ ಇದೆ ಅಂತ ಆನೆ ಕಾರ್ಯಪಡೆಯವರ ಮೆಸೇಜು ಮಧ್ಯಾಹ್ನವೇ ಬಂದಿತ್ತು. ಬೇಗ ಬಿಟ್ಟು ಬರೋಣ ಅನ್ನೋ ಆತುರ. ಮಣ್ಣು ದಾರಿಯ ಇಳಿಜಾರಲ್ಲಿ ಬ್ರೇಕ್ ಹಿಡಿದೆ. ಹಿಂದುಗಡೆಯಿಂದ ಟಕ್ ಅಲ್ಲ, ಧಡ್ ಅಂತ ಸದ್ದು. ಗಾಡಿ ಎಡಕ್ಕೆ ಎಳೀತು. ಸ್ಟೇರಿಂಗ್ ಬಲಕ್ಕೆ ತಿರುಗಿಸಿ ಹಿಡಿದ್ರೆ ಮಾತ್ರ ನೇರ ಹೋಗ್ತಿದೆ. ಹಿಂದೆ ಕೂತಿದ್ದವರು ಕೂಗಿಕೊಂಡ್ರು. ನಿಧಾನ ಇತ್ತು, ಪಕ್ಕದಲ್ಲಿ ಬರೆ ಇತ್ತು, ಬರೆಗೆ ಒರಗಿಸಿ ನಿಲ್ಲಿಸಿದೆ. ಬಲಗಡೆ ಕೆರೆ ಏರಿ ಇರೋ ಜಾಗಕ್ಕೆ ಇನ್ನು 200 ಮೀಟರ್ ಅಷ್ಟೇ ಇತ್ತು. ಅದನ್ನ ಈಗ ಬರೆಯುವಾಗಲೂ ಕೈ ತಣ್ಣಗಾಗುತ್ತೆ.

ಇಳಿದು ಟಾರ್ಚ್ ಹಾಕಿ ನೋಡಿದ್ರೆ, ಒಂದು ಕಡೆ ಸೆಂಟರ್ ಬೋಲ್ಟ್ ಕತ್ತರಿಸಿ ಹೋಗಿದೆ. ಹೌಸಿಂಗು ಆ ಕಡೆಯಲ್ಲಿ ಒಂದು ಇಂಚಿಗಿಂತ ಜಾಸ್ತಿ ಹಿಂದಕ್ಕೆ ಜರುಗಿದೆ. ಯು ಬೋಲ್ಟಿನ ನಟ್ಟು ಕೈಯಲ್ಲೇ ತಿರುಗ್ತಿದೆ.

ಗಾಡಿ ಅಲ್ಲಾಡಿಸೋ ಹಾಗಿಲ್ಲ. ಹತ್ತಿರದ ತೋಟದ ನಮ್ಮ ದಾಯಾದಿಗೆ ಫೋನ್ ಮಾಡಿ ಜೀಪ್ ತರೋಕೆ ಹೇಳಿದೆ. ಅವನು ಬರೋಕೆ ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಕತ್ತಲಲ್ಲಿ ನಾವು 12 ಜನ ಗಾಡಿ ಪಕ್ಕ ನಿಂತಿದ್ವಿ. ಹಳ್ಳದ ಆಚೆ ಕಡೆ ಬೈನೆ ಮರ ಮುರಿಯೋ ಸದ್ದು ಲಟ್ ಲಟ್ ಅಂತ ಕೇಳಿಸ್ತಿತ್ತು. ಯಾರೂ ಮಾತಾಡಲಿಲ್ಲ.

ಆಗ ನಮ್ಮ ತೋಟಕ್ಕೆ 20 ವರ್ಷದಿಂದ ಬರ್ತಿರೋ ಅಕ್ಕ ಒಬ್ಬರು ಮೆಲ್ಲಗೆ ಹೇಳಿದ್ರು: "ಅಣ್ಣಯ್ಯಾ, ಹದಿನೈದು ದಿನದಿಂದ ನಮ್ಮ ಕಾಲಡಿ ಟಕ್ ಟಕ್ ಅಂತಾನೇ ಇತ್ತು. ಕಾಲಿಗೆ ಬಡೀತಿತ್ತು."

"ಮತ್ತೆ ಹೇಳಬಾರದಾಗಿತ್ತಾ ಅಕ್ಕ?" ಅಂದೆ.

"ಗಾಡಿ ವಿಷಯ ನಮಗೇನು ಗೊತ್ತು ಅಂತ ನೀವು ಅಂದ್ಕೊಂಡ್ರೆ ಅಂತ ಸುಮ್ನಿದ್ವಿ."

ಅವರು ಬೈದಿದ್ರೆ ವಾಸಿಯಿತ್ತು. ಸದ್ದು ಬರ್ತಿದ್ದ ಜಾಗದ ಮೇಲೇ ಅವರು ಕೂತಿದ್ರು. ಅವರಿಗೆ ಕಿವಿಯಲ್ಲೂ ಗೊತ್ತಾಗಿದೆ, ಕಾಲಲ್ಲೂ ಗೊತ್ತಾಗಿದೆ. ನಾನು ಮುಂದೆ ಕೂತು ಹಾಡು ಕೇಳ್ತಿದ್ದೆ.

ಜೀಪು ಬಂತು, ಎರಡು ಟ್ರಿಪ್ಪಲ್ಲಿ ಎಲ್ಲರನ್ನೂ ಮನೆ ಮುಟ್ಟಿಸಿದ್ವಿ. ಮಾರನೇ ದಿನ ಒಬ್ಬ ಮೆಕ್ಯಾನಿಕ್ ಬಂದು ತಾತ್ಕಾಲಿಕಕ್ಕೆ ಬೋಲ್ಟ್ ಹಾಕಿ ಕೂರಿಸಿದ. ನಿಧಾನಕ್ಕೆ, ಖಾಲಿ ಗಾಡಿಯನ್ನ ಹಾಸನದಲ್ಲಿ ಲಾರಿ ಪ್ಲೇಟು ಕೆಲಸ ಮಾಡೋ ಒಬ್ಬರು ಭಾಯ್ ಹತ್ತಿರ ತಗೊಂಡು ಹೋದೆ. ಅವರ ಜೊತೆ ಒಂದು ದಿನ ಕೂತು ಕಲಿತಿದ್ದನ್ನ, ಆಮೇಲೆ ಮನೆಯಲ್ಲಿ ಮಾಡಿ ನೋಡಿದ್ದನ್ನ ಈಗ ಹೇಳ್ತೀನಿ.

ಮೊದಲು ಪ್ಲೇಟು ಹೇಗೆ ಕೆಲಸ ಮಾಡುತ್ತೆ ಅನ್ನೋದು. ಒಂದರ ಕೆಳಗೊಂದು ಉಕ್ಕಿನ ಪಟ್ಟಿ ಜೋಡಿಸಿರ್ತಾರೆ. ಎಲ್ಲಕ್ಕಿಂತ ಉದ್ದ ಇರೋದು ಮೇನ್ ಪ್ಲೇಟು, ಅದರ ಎರಡು ತುದಿ ಸುರುಳಿ ಸುತ್ತಿರುತ್ತೆ. ಕೆಳಗೆ ಹೋದಂತೆ ಗಿಡ್ಡ. ಎಲ್ಲದರ ನಡುವೆ ಒಂದು ತೂತು, ಅದರಲ್ಲಿ ಸೆಂಟರ್ ಬೋಲ್ಟ್. ಈ ಕಟ್ಟನ್ನ ಹೌಸಿಂಗ್ ಜೊತೆ ಎರಡು ಯು ಬೋಲ್ಟ್ ಹಾಕಿ ಬಿಗಿದಿರ್ತಾರೆ. ಮುಂದಿನ ತುದಿ ಚಾಸಿಗೆ ನೇರ ಪಿನ್ ಆಗಿರುತ್ತೆ. ಹಿಂದಿನ ತುದಿ ಮಾತ್ರ ಶ್ಯಾಕಲ್ಲಿನಲ್ಲಿ ತೂಗಾಡ್ತಿರುತ್ತೆ. ಯಾಕೆ ಅಂದ್ರೆ, ಲೋಡ್ ಬಿದ್ದಾಗ ಬಿಲ್ಲಿನ ಹಾಗೆ ಬಾಗಿರೋ ಪ್ಲೇಟು ನೆಟ್ಟಗಾಗಿ, ತುದಿಯಿಂದ ತುದಿಗೆ ಉದ್ದ ಆಗುತ್ತೆ. ಆ ಉದ್ದಕ್ಕೆ ಜಾಗ ಕೊಡೋಕೇ ಶ್ಯಾಕಲ್ ಇರೋದು.

ನೆಟ್ಟಗಾಗುವಾಗ ಪ್ರತಿ ಪ್ಲೇಟಿನ ತುದಿ ಪಕ್ಕದ ಪ್ಲೇಟಿನ ಮೇಲೆ ಸ್ವಲ್ಪ ಜಾರಬೇಕು. ಅಲ್ಲಿ ತುಕ್ಕು, ಮಣ್ಣು ಕೂತು ಒಣಗಿದ್ರೆ ಕಿರ್ರ್ ಅನ್ನುತ್ತೆ. ಕೆಲವು ಗಾಡಿಗೆ ತುದಿಯಲ್ಲಿ ರಬ್ಬರ್ ಇಲ್ಲಾ ಪ್ಲಾಸ್ಟಿಕ್ ಪ್ಯಾಡ್ ಕೊಟ್ಟಿರ್ತಾರೆ, ಅದು ಸವೆದು ಬಿದ್ದೋದ್ರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ. ಉಜ್ಜೋದೇ ತಪ್ಪು ಅಂತಲ್ಲ. ಗಾಡಿ ಹಳ್ಳ ಹಾರಿದ ಮೇಲೆ ಸುಮ್ಮನೆ ಕುಣೀತಾ ಇರದ ಹಾಗೆ ಆ ಉಜ್ಜಾಟವೂ ಸ್ವಲ್ಪ ತಡೆಯುತ್ತೆ. ಅಂದ್ರೆ ಬರೀ ಕಿರ್ರ್ ಅನ್ನೋದು ದೊಡ್ಡ ಕಾಯಿಲೆ ಅಲ್ಲ. ಕೆಮ್ಮು ಇದ್ದ ಹಾಗೆ. ಕೆಮ್ಮಿನ ಹಿಂದೆ ಏನಿದೆ ಅಂತ ನೋಡದೆ ಬರೀ ಸಿರಪ್ ಕುಡಿಸ್ತಾ ಹೋಗಿದ್ದು ನನ್ನ ತಪ್ಪು.

ಟಕ್ ಅನ್ನೋದು ಬೇರೆ. ಅದು ಸಡಿಲದ ಸದ್ದು. ಸೆಂಟರ್ ಬೋಲ್ಟಿನ ತಲೆ ಹೌಸಿಂಗಿನ ಗುಂಡಿಯಲ್ಲಿ ಕೂತು ಜಾಗ ತೋರಿಸುತ್ತೆ ಅಷ್ಟೇ, ಬಿಗಿಯಾಗಿ ಹಿಡಿದಿಡೋ ಕೆಲಸ ಯು ಬೋಲ್ಟಿನದು. ಯು ಬೋಲ್ಟ್ ಸಡಿಲ ಆಯ್ತು ಅಂದ್ರೆ, ಗಾಡಿ ಹೊರಡುವಾಗಿನ ಎಳೆತ, ಬ್ರೇಕ್ ಹಿಡಿದಾಗಿನ ತಳ್ಳಾಟ ಎಲ್ಲ ಆ ಸಣ್ಣ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತೆ. ಒಂದು ದಿನ ಅದು ಕತ್ತರಿಸುತ್ತೆ. ನನ್ನ ಗಾಡಿಯಲ್ಲಿ ಆಗಿದ್ದು ಅದೇ. ಯು ಬೋಲ್ಟ್ ಸಡಿಲ ಇದ್ದಾಗ ನಾನು ಪ್ಲೇಟಿಗೆ ಆಯಿಲ್ ಬಳೀತಾ ಕೂತಿದ್ದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಆಯಿಲ್ ಬಳಿದಿದ್ದರಿಂದ ಇನ್ನೂ ಎರಡು ನಷ್ಟ ಆಗಿತ್ತು. ಒಂದು, ಆಯಿಲ್ಲಿಗೆ ನಮ್ಮ ಕೆಮ್ಮಣ್ಣಿನ ಧೂಳು ಅಂಟಿ ಅರೆಯೋ ಪೇಸ್ಟಿನ ಹಾಗಾಗಿತ್ತು. ಜಾರೋಕೆ ಅಂತ ಹಾಕಿದ್ದು ಸವೆಸೋಕೆ ಶುರು ಮಾಡಿತ್ತು. ಎರಡು, ಪ್ಲೇಟಿನ ತುದಿಯಲ್ಲಿರೋ ಬುಷ್ಷು ರಬ್ಬರ್. ಆಯಿಲ್, ಡೀಸೆಲ್, ಮಾಮೂಲಿ ಗ್ರೀಸ್ ಕುಡಿದ್ರೆ ರಬ್ಬರ್ ಊದಿ ಮೆತ್ತಗಾಗುತ್ತೆ. ಭಾಯ್ ನನ್ನ ಗಾಡಿಯ ಬುಷ್ ಬಿಚ್ಚಿ ಕೈಗೆ ಕೊಟ್ರು. ನೆನೆಸಿಟ್ಟ ಹುಣಸೆಹಣ್ಣಿನ ಹಾಗಿತ್ತು. ಇನ್ನು ಬ್ರೇಕ್ ಡ್ರಮ್ ಕಡೆ ಆಯಿಲ್ ಹರಿದಿದ್ರೆ ಏನಾಗ್ತಿತ್ತು ಅನ್ನೋದನ್ನ ನಾನು ಕೇಳಲಿಲ್ಲ, ಅವರೇ ಹೇಳಿದ್ರು.

ಈಗ ಸದ್ದು ಗುರುತಿಸೋ ಕ್ರಮ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಸಿ, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಒಬ್ಬರು ಹಿಂದಿನ ಬಂಪರ್ ಮೇಲೆ ನಿಂತು ಗಾಡಿ ಕುಣಿಸಲಿ. ಇನ್ನೊಬ್ಬರು ಪಕ್ಕದಲ್ಲಿ ಕೂತು ಕೇಳಿ. ಶ್ಯಾಕಲ್ ಹತ್ತಿರ ಬೆರಳು ಸಿಕ್ಕಿಕೊಳ್ಳದ ಹಾಗೆ ಹೊರಗಿನಿಂದ ಕೈ ಇಟ್ರೆ ಸದ್ದು ಎಲ್ಲಿಂದ ಅಂತ ಕೈಗೇ ಗೊತ್ತಾಗುತ್ತೆ. ಆಮೇಲೆ ಒಂದು ಚೊಂಬು ನೀರು ತಗೊಂಡು ಮೊದಲು ಪ್ಲೇಟುಗಳ ತುದಿಗೆ ಹುಯ್ಯಿರಿ. ಸದ್ದು ನಿಂತ್ರೆ ಪ್ಲೇಟಿನ ನಡುವಿನ ಒಣ ಉಜ್ಜಾಟ. ನಿಲ್ಲದಿದ್ರೆ ಶ್ಯಾಕಲ್ ಬುಷ್ಷಿಗೆ, ಆಮೇಲೆ ಮುಂದಿನ ಪಿನ್ನಿಗೆ ಹುಯ್ದು ನೋಡಿ. ಎಲ್ಲಿಗೆ ನೀರು ಬಿದ್ದಾಗ ಸದ್ದು ಬದಲಾಯ್ತೋ ಅಲ್ಲೇ ಕಾಯಿಲೆ. ಮಳೆಗಾಲದಲ್ಲಿ ನನ್ನ ಗಾಡಿ ಯಾಕೆ ಕೂಗ್ತಿರಲಿಲ್ಲ ಅನ್ನೋದಕ್ಕೂ ಇದೇ ಉತ್ತರ.

ನೀರಿಗೆ ಬಗ್ಗದೆ, ಹೊರಡುವಾಗ, ಬ್ರೇಕ್ ಹಿಡಿಯುವಾಗ ಟಕ್ ಅಂದ್ರೆ ಯು ಬೋಲ್ಟ್, ಬುಷ್, ಶ್ಯಾಕಲ್ ಪಿನ್ ನೋಡಬೇಕು. ಹಳ್ಳಕ್ಕೆ ಬಿದ್ದಾಗ ಮಾತ್ರ ಧಡ್ ಅಂದ್ರೆ ಶಾಕ್ ಅಬ್ಸರ್ಬರ್, ಇಲ್ಲಾ ಸ್ಟಾಪರ್ ರಬ್ಬರ್ ಹೋಗಿರಬಹುದು. ಖಾಲಿ ಗಾಡಿಯಲ್ಲಿ ಮಾತ್ರ ಲಟಲಟ ಅಂದ್ರೆ ಕೆಳಗಿನ ಹೆಲ್ಪರ್ ಪ್ಲೇಟು, ಇಲ್ಲಾ ಪ್ಲೇಟುಗಳನ್ನ ಪಕ್ಕಕ್ಕೆ ಜಾರದ ಹಾಗೆ ಹಿಡಿಯೋ ಕ್ಲಿಪ್ಪು ಸಡಿಲ ಇರುತ್ತೆ. ಹೆಲ್ಪರ್ ಪ್ಲೇಟು ಲೋಡ್ ಬಿದ್ದಾಗ ಮಾತ್ರ ಕೆಲಸಕ್ಕೆ ಬರೋದು, ಖಾಲಿ ಇದ್ದಾಗ ಅದಕ್ಕೆ ಕೆಲಸ ಇಲ್ಲ.

ಕಣ್ಣಲ್ಲಿ ನೋಡಬೇಕಾದ್ದು ನಾಲ್ಕು. ಯು ಬೋಲ್ಟಿನ ಬುಡದಲ್ಲಿ ಕೆಂಪು ಪುಡಿ ಉದುರಿದ್ರೆ ಅಲ್ಲಿ ಕಬ್ಬಿಣ ಅಲ್ಲಾಡ್ತಿದೆ ಅಂತ ಅರ್ಥ. ಪ್ಲೇಟಿನ ಮೇಲೆ ಹೊಸದಾಗಿ ಹೊಳೆಯೋ ಗೆರೆ ಇದ್ರೂ ಅದೇ. ಸೆಂಟರ್ ಬೋಲ್ಟಿನ ಆಸುಪಾಸಲ್ಲಿ, ಸುರುಳಿಯ ಹತ್ತಿರ ಬಿರುಕು ಇದೆಯಾ ನೋಡಿ. ತೂತು ಇರೋ ಕಡೆ ಉಕ್ಕು ಕಮ್ಮಿ, ಪ್ಲೇಟು ಅಲ್ಲಿ ಕಟ್ ಆಗೋದು ಜಾಸ್ತಿ. ಕೊನೆಯದು ಬಹಳ ಮುಖ್ಯ: ಒಂದು ಟೇಪ್ ತಗೊಂಡು ಪ್ಲೇಟಿನ ಮುಂದಿನ ಪಿನ್ನಿನಿಂದ ಹಿಂದಿನ ಚಕ್ರದ ನಡುವಿಗೆ ಅಳೀರಿ. ಎಡಗಡೆ ಎಷ್ಟಿದೆಯೋ ಬಲಗಡೆಯೂ ಅಷ್ಟೇ ಇರಬೇಕು. ವ್ಯತ್ಯಾಸ ಬಂದ್ರೆ ಹೌಸಿಂಗು ಜರುಗಿದೆ. ಗಾಡಿ ರೋಡಿಗೆ ಇಳಿಸಬೇಡಿ. ನಾನು ಜನವರಿಯಲ್ಲಿ ಎರಡು ನಿಮಿಷ ಕೊಟ್ಟು ಟೇಪ್ ಹಿಡಿದು, ನಟ್ಟು ಮುಟ್ಟಿ ನೋಡಿದ್ರೆ ಫೆಬ್ರವರಿಯ ಆ ಸಂಜೆ ಬರ್ತಿರಲಿಲ್ಲ.

ಬರೀ ಒಣ ಉಜ್ಜಾಟ ಅಂತ ಖಾತ್ರಿ ಆದ್ರೆ ಮನೆಯಲ್ಲೇ ಮಾಡಬಹುದು. ಚಾಸಿಗೆ ಜಾಕಿ ಕೊಟ್ಟು ಎತ್ತಿ, ಚಾಸಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಜಾಕಿ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ, ಇಟ್ಟಿಗೆ, ಸೈಜುಗಲ್ಲು ಜೋಡಿಸಿ ಸಾಹಸ ಮಾಡಬೇಡಿ. ಹೌಸಿಂಗು ಕೆಳಗೆ ತೂಗಾಡಿದಾಗ ಪ್ಲೇಟಿನ ತುದಿಗಳು ಸ್ವಲ್ಪ ಬಾಯಿ ಬಿಡ್ತವೆ. ವೈರ್ ಬ್ರಷ್ಷಲ್ಲಿ ತುಕ್ಕು ಮಣ್ಣು ಪೂರ್ತಿ ತೆಗೆದು, ತೊಳೆದು ಒಣಗಿಸಿ, ತೆಳು ಪಟ್ಟಿಯಿಂದ ಗ್ರಾಫೈಟ್ ಗ್ರೀಸ್ ಒಳಗೆ ತುಂಬಿ. ತುದಿಗೆ ಮಾತ್ರ ಸಾಕು. ಹೊರಗೆ ಮೆತ್ತಿದ್ದನ್ನ ಬಟ್ಟೆಯಲ್ಲಿ ಒರೆಸಿಬಿಡಿ, ಇಲ್ಲದಿದ್ರೆ ಅದೂ ಧೂಳು ಹಿಡಿಯುತ್ತೆ. ರಬ್ಬರ್ ಬುಷ್ಷಿಗೆ ಗ್ರೀಸ್ ತಾಗಿಸಬೇಡಿ, ಅದಕ್ಕೆ ಸಿಲಿಕೋನ್ ಸ್ಪ್ರೇ ಬೇರೆ ಸಿಗುತ್ತೆ. ಗ್ರೀಸ್ ನಿಪ್ಪಲ್ ಇರೋ ಪಿನ್ ಆದ್ರೆ ಮಾತ್ರ ಗ್ರೀಸ್ ಗನ್. ತುದಿಯಲ್ಲಿ ಪ್ಲಾಸ್ಟಿಕ್ ಪ್ಯಾಡ್ ಇರೋ ಗಾಡಿಗೆ ಗ್ರೀಸ್ ಬೇಕೋ ಬೇಡವೋ ಅಂತ ಗಾಡಿ ಜೊತೆ ಬಂದ ಪುಸ್ತಕ ನೋಡಿ, ಪ್ಯಾಡ್ ಸವೆದಿದ್ರೆ ಬದಲಿಸೋದೇ ಸರಿ.

ಯು ಬೋಲ್ಟಿನ ವಿಷಯದಲ್ಲಿ ಭಾಯ್ ಮೂರು ಮಾತು ಹೇಳಿದ್ರು. ಬಿಚ್ಚಿದ ಯು ಬೋಲ್ಟನ್ನ ಮತ್ತೆ ಹಾಕಬೇಡಿ, ಅದು ಒಂದು ಸಲ ಎಳೆದುಕೊಂಡಿರುತ್ತೆ, ಹೊಸದು ಹಾಕಿ. ಬಿಗಿಯುವಾಗ ಗಾಡಿಯ ತೂಕ ಚಕ್ರದ ಮೇಲೆ ಇರಬೇಕು, ನಾಲ್ಕು ನಟ್ಟನ್ನ ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗೀಬೇಕು. ಮೂರನೆಯದು, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ವಾಪಸ್ ಬಂದು ಇನ್ನೊಂದು ಸಲ ಬಿಗಿಸ್ಕೊಳ್ಳಿ, ಹೊಸದು ಕೂತ್ಕೊಂಡು ಸಡಿಲ ಆಗೇ ಆಗುತ್ತೆ. ಶ್ಯಾಕಲ್ ಬೋಲ್ಟನ್ನೂ ಗಾಡಿ ನೆಲದ ಮೇಲೆ ನಿಂತಿರುವಾಗಲೇ ಬಿಗೀಬೇಕು. ಎತ್ತಿಟ್ಟು ಬಿಗಿದ್ರೆ, ಇಳಿಸಿದ ತಕ್ಷಣ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತೆ.

ಬಿರುಕು ಬಿಟ್ಟ ಪ್ಲೇಟಿಗೆ ವೆಲ್ಡಿಂಗ್ ಮಾಡಿಸೋದು ನಮ್ಮಲ್ಲಿ ಇದೆ. ಮಾಡಿಸಬೇಡಿ. ಯಾಕೆ ಅಂತ ನಮ್ಮೂರ ಆಚಾರ್ರನ್ನ ಕೇಳಿ. ಹಳೇ ಲಾರಿ ಪ್ಲೇಟಿನಲ್ಲಿ ಅವರು ನಮಗೆಲ್ಲ ಕತ್ತಿ ಮಾಡಿಕೊಡ್ತಾರಲ್ಲ, ಕಾಯಿಸಿದಾಗ ಉಕ್ಕಿನ ಗುಣವೇ ಬದಲಾಗುತ್ತೆ, ಮತ್ತೆ ಹದ ಕೊಡದಿದ್ರೆ ಕತ್ತಿ ಕೆಲಸಕ್ಕೆ ಬರಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು. ಪ್ಲೇಟೂ ಹಾಗೇ. ವೆಲ್ಡಿಂಗ್ ಕಾವಿಗೆ ಅದರ ಹದ ಹೋಗಿರುತ್ತೆ, ಪಕ್ಕದಲ್ಲೇ ಮತ್ತೆ ಕಟ್ ಆಗುತ್ತೆ.

ನಾಲ್ಕು ಯು ಬೋಲ್ಟ್, ಎರಡು ಸೆಂಟರ್ ಬೋಲ್ಟ್, ಎಲ್ಲ ಬುಷ್ಷು, ಕೂಲಿ ಸೇರಿ ನನಗೆ ಬಿದ್ದಿದ್ದು ₹4,650. ಎರಡು ಮೂಟೆ ಶುಂಠಿ ಉಳಿಸೋಕೆ ಹೋಗಿ ಏನನ್ನ ಪಣಕ್ಕಿಟ್ಟಿದ್ದೆ ಅನ್ನೋದು ಬಿಲ್ ನೋಡಿದಾಗ ಇನ್ನೂ ನಾಚಿಕೆ ಆಯ್ತು.

ಶುಂಠಿ ಅಂದಿದ್ದಕ್ಕೆ ಕಾರಣ ಇದೆ. "ಭಾಯ್, ಹೇಗೂ ಬಿಚ್ಚಿದೀರಲ್ಲ, ಎರಡು ಪ್ಲೇಟ್ ಜಾಸ್ತಿ ಹಾಕಿಬಿಡಿ, ಲೋಡ್ ತಡೀಲಿ" ಅಂದಿದ್ದೆ. ಅವರು ಗಾಡಿ ಕೆಳಗಿಂದಲೇ ಹೇಳಿದ್ರು: "ಪ್ಲೇಟ್ ಏರಿಸ್ತೀನಿ ಗೌಡ್ರೆ. ಟೈರು, ಬ್ರೇಕು, ಹೌಸಿಂಗು ಏರಿಸೋಕೆ ನನ್ನ ಕೈಲಿ ಆಗಲ್ಲ."

ನನ್ನ ಗಾಡಿಗೆ ಇರೋ ಸಾಮರ್ಥ್ಯ 1.3 ಟನ್. ಶುಂಠಿ ಮೂಟೆ 60 ಕೆಜಿ. ನಾನು ಹೇರ್ತಿದ್ದಿದ್ದು 30 ಮೂಟೆ, ಅಂದ್ರೆ 1,800 ಕೆಜಿ. ಪ್ರತಿ ಟ್ರಿಪ್ಪಿಗೆ 500 ಕೆಜಿ ಜಾಸ್ತಿ, ಅದೂ ನಮ್ಮ ಹಳ್ಳ ದಿಣ್ಣೆ ರಸ್ತೆಯಲ್ಲಿ. ಪ್ಲೇಟು ದಿನಾ ಪೂರ್ತಿ ನೆಟ್ಟಗಾಗಿ, ಕೆಲವು ಸಲ ಹಿಂದಕ್ಕೇ ಬಾಗಿ, ಯು ಬೋಲ್ಟನ್ನ ಎಳೆದೆಳೆದು ಸಡಿಲ ಮಾಡಿತ್ತು. ಕೂಗಿದ್ದು ಪ್ಲೇಟು, ಕಾರಣ ನನ್ನ ಲೆಕ್ಕ. 60 ಮೂಟೆಯನ್ನ ಎರಡು ಟ್ರಿಪ್ಪಲ್ಲಿ ಸಾಗಿಸ್ತಿದ್ದೆ, ಈಗ 20ರ ಹಾಗೆ ಮೂರು ಟ್ರಿಪ್. ಒಂದು ಟ್ರಿಪ್ಪಿನ ಡೀಸೆಲ್, ಅರ್ಧ ದಿನ ಜಾಸ್ತಿ ಹೋಗುತ್ತೆ, ಸುಳ್ಳು ಹೇಳಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಆದ ಮೇಲೆ ಓವರ್‌ಲೋಡಿಗೆ ದಂಡ ₹20,000, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ ₹2,000. ಒಂದು ಸಲ ಸಿಕ್ಕಿಬಿದ್ರೆ ವರ್ಷದ ಡೀಸೆಲ್ ಉಳಿತಾಯ ಅಲ್ಲೇ ಹೋಗುತ್ತೆ. ಅತಿ ಆಸೆ ಗತಿ ಕೇಡು ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದು ನಾನೇ.

ಇನ್ನು ಜನ ಕೂರಿಸೋ ವಿಷಯ. ಇದನ್ನ ಬರೆಯೋದು ಬೇಡ ಅಂತ ಒಂದು ಮನಸ್ಸು ಹೇಳ್ತು, ಯಾಕಂದ್ರೆ ನಾವೆಲ್ಲ ಮಾಡ್ತೀವಿ. ಬಸ್ಸಿಲ್ಲ, ಆಳು ಸಿಗಲ್ಲ, ಬೆಳಗ್ಗೆ ಹೋಗಿ ಕರ್ಕೊಂಡು ಬರದಿದ್ರೆ ಬೇರೆ ತೋಟಕ್ಕೆ ಹೋಗ್ತಾರೆ. ಎಲ್ಲ ನಿಜ. ಆದ್ರೆ ಸರಕು ಗಾಡಿಯಲ್ಲಿ ಪ್ರಯಾಣಿಕರ ಹಾಗೆ ಹೋದವರಿಗೆ ಏನಾದ್ರೂ ಆದ್ರೆ ವಿಮಾ ಕಂಪನಿ ಹೊಣೆ ಅಲ್ಲ ಅಂತ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಅಂದ್ರೆ ಆ ಸಂಜೆ ನನ್ನ ಗಾಡಿ ಕೆರೆ ಏರಿ ಮೇಲೆ ಇದ್ದಿದ್ರೆ, 11 ಮನೆಗೆ ಉತ್ತರ ಹೇಳಬೇಕಾಗಿದ್ದವನು ನಾನೊಬ್ಬನೇ. ಉತ್ತರ ನನ್ನ ಹತ್ತಿರ ಇರಲಿಲ್ಲ.

ಆಮೇಲೆ ಕೊಯ್ಲು ಮುಗಿಯೋವರೆಗೆ ಹಳದಿ ಬೋರ್ಡಿನ ಜೀಪು ಗೊತ್ತು ಮಾಡಿದೆ. ಪಕ್ಕದ ಇಬ್ಬರು ಬೆಳೆಗಾರರು ಜೊತೆ ಸೇರಿದ್ರು, ಬಾಡಿಗೆ ಮೂರು ಪಾಲು. ಈ ಲೆಕ್ಕ ನನಗೆ ಇನ್ನೂ ಪೂರ್ತಿ ಹೊಂದಿಲ್ಲ. ಮುಂದಿನ ವರ್ಷ ಇನ್ನೂ ನಾಲ್ಕೈದು ತೋಟದವರು ಸೇರಿದ್ರೆ ಹೊಂದಬಹುದು. ಯೋಚನೆ ಮಾಡಿ, ನವೆಂಬರಿಗೆ ಮುಂಚೆ ಕೂತು ಮಾತಾಡೋಣ.

ಗಾಡಿಗೆ ಈಗ ನಾನು ಇಟ್ಕೊಂಡಿರೋ ಪದ್ಧತಿ ಇಷ್ಟೇ. ತಿಂಗಳಿಗೊಂದು ಸಲ, ಸಂಬಳ ಬಟವಾಡೆಯ ಮಾರನೇ ದಿನ, ಟೇಪ್ ಹಿಡಿದು ಎರಡೂ ಕಡೆ ಅಳೆಯೋದು, ಯು ಬೋಲ್ಟಿನ ನಟ್ಟಿಗೆ ಪಾನಾ ಹಾಕಿ ನೋಡೋದು. ನಟ್ಟಿನ ಮೇಲೂ ಪಕ್ಕದ ಕಬ್ಬಿಣದ ಮೇಲೂ ಸೇರಿಸಿ ಬಿಳಿ ಪೇಂಟಲ್ಲಿ ಒಂದು ಗೆರೆ ಎಳೆದಿದೀನಿ. ಗೆರೆ ಮುರಿದಿದ್ರೆ ನಟ್ಟು ತಿರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತೆ. ಮಳೆಗಾಲ ಮುಗಿದ ಮೇಲೆ ಒಂದು ಸಲ ಪ್ಲೇಟು ತೊಳೆದು ಗ್ರಾಫೈಟ್ ಗ್ರೀಸ್. ವಾರಕ್ಕೊಂದು ದಿನ ಹಾಡು ಹಾಕದೆ, ಕಿಟಕಿ ಇಳಿಸಿ, ಖಾಲಿ ಗಾಡಿ ಓಡಿಸೋದು. ವೇಸ್ಟ್ ಆಯಿಲ್ ಇದ್ರೆ ಅದನ್ನ ಕೊಳ್ಳೋರಿಗೆ ಕೊಡಿ. ಪ್ಲೇಟಿಗೂ ಬೇಡ, ತೋಟದ ಮಣ್ಣಿಗೂ ಬೇಡ.

ಜೀಪು ಶುರುವಾದ ಎರಡನೇ ದಿನ ಸಂಜೆ, ಅದೇ ಅಕ್ಕ ಹಣ್ಣಿನ ತೂಕ ಬರೆಸಿ ಹೋಗುವಾಗ ನಿಂತ್ರು. "ಅಣ್ಣಯ್ಯಾ, ಈ ಜೀಪಿನ ಹಿಂದಿನ ಎಡಗಡೆ ಚಕ್ರದಲ್ಲಿ ಏನೋ ಗರಗರ ಅಂತದೆ. ಡ್ರೈವರಿಗೆ ಹೇಳಿದೆ, ನಕ್ಕುಬಿಟ್ಟ. ನೀವೊಂದು ಮಾತು ಹೇಳಿ" ಅಂದ್ರು.

ಹೋಗಿ ಹೇಳಿದೆ. ಚಕ್ರ ಬಿಚ್ಚಿ ನೋಡಿದ್ರೆ ಬೇರಿಂಗ್ ಹೋಗಿತ್ತು.

ನನ್ನ ಹತ್ತಿರ ಈಗ ಎರಡು ಗಟ್ಟಿ ಸ್ಟ್ಯಾಂಡು, ಒಂದು ಗ್ರೀಸ್ ಗನ್, ಅರ್ಧ ಡಬ್ಬಿ ಗ್ರಾಫೈಟ್ ಗ್ರೀಸ್ ಇದೆ. ಬಿಕ್ಕೋಡು ಸುತ್ತಮುತ್ತಲವರು ಯಾರಿಗೆ ಬೇಕಾದ್ರೂ ಭಾನುವಾರ ಬಂದು ತಗೊಂಡು ಹೋಗಿ, ಕೆಲಸ ಆದ ಮೇಲೆ ಒರೆಸಿ ವಾಪಸ್ ಕೊಡಿ. ಮುಂದಿನ ವಾರ ಬೋರ್ಡೋ ಬಗ್ಗೆ ಬರೀತೀನಿ.